ಜೋಡಿ ಪೈಪುಗಳ ಪಾಲು

ಮಾನ್ವಿ,
೧೨ ಡಿಸೆಂಬರ್ ೨೦೨೪

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಕಾನ್ಪುರದ ಚಳಿಗೆ ಮೂಗು ಸೋರುತ್ತಿದೆಯಾ, ಹಾಸ್ಟೆಲ್ಲಿನಲ್ಲಿ ಇನ್ನೂ ಆ ರಬ್ಬರ್ ರೊಟ್ಟಿಯೇನಾ? ನಾವು ಕ್ಷೇಮ. ಎಮ್ಮೆಯೂ ಕ್ಷೇಮ, ಈ ಪತ್ರ ಮುಖ್ಯವಾಗಿ ಅದರ ಪರವಾಗಿಯೇ ಬರೆದದ್ದು.

ಹೋದ ವಾರ ಫೋನಿನಲ್ಲಿ ಅವ್ವನ ಮುಂದೆ ಅತ್ತು, ‘ಯವ್ವಾ, ವಿಮಾನದ ಜೋಡಿ ಜೆಟ್ಟಿನ ಸದ್ದಿನ ಬಗ್ಗೆ ಓದಿ ಯಾರಿಗೇನು ಉಪಯೋಗ? ಬಿಟ್ಟು ಬರ್ತೀನಿ’ ಎಂದೆಯಂತೆ. ಆ ಮಾತು ಇಲ್ಲಿ ವಿಚಾರಣೆಗೆ ಬಂದಿದೆ.

ನಮ್ಮ ಹಿತ್ತಿಲಿಗೆ ಹತ್ತಿಕೊಂಡೇ ಇರುವ ವೆಂಕಣ್ಣನ ರೈಸ್ ಮಿಲ್ಲಿನ ಬಾಯ್ಲರಿಗೆ ಎರಡು ಹಬೆ ಪೈಪುಗಳು ಪಕ್ಕಪಕ್ಕ ನಿಂತಿದ್ದವಲ್ಲ, ಅವು ಒಟ್ಟಿಗೆ ಕಿರುಚಿದಾಗಲೆಲ್ಲ ಎಮ್ಮೆ ಹಾಲು ಬಿಡುತ್ತಿರಲಿಲ್ಲ. ಭೀಮವ್ವಜ್ಜಿ ಖಾಲಿ ತಂಬಿಗೆ ಹಿಡಿದು ಮಿಲ್ಲಿನವರ ವಂಶವನ್ನೆಲ್ಲ ಬೈಯುತ್ತಿದ್ದಳು. ದೀಪಾವಳಿಗೆ ಬಂದಾಗ ನೀನೇ ವೆಂಕಣ್ಣನಿಗೆ ಹೇಳಿದ್ದೆ: ಹಬೆ ಸದ್ದಿಗಿಂತ ವೇಗವಾಗಿ ನುಗ್ಗುತ್ತದೆ, ಒಂದರ ಕೂಗು ಇನ್ನೊಂದನ್ನು ಅಲ್ಲಾಡಿಸುತ್ತದೆ, ಎರಡೂ ಲಯ ಕೂಡಿಸಿಕೊಂಡು ಕಿರುಚುತ್ತವೆ, ದೂರ ಮಾಡಿ ಎಂದು. ಅವನು ‘ಓದಿ ಓದಿ ಹುಡುಗಿ ತಲಿ ಕಾದದ’ ಎಂದು ನಕ್ಕಿದ್ದ.

ನೀನು ಹೇಳಿದ್ದನ್ನೇ ನಾನೂ ಹೇಳಿದೆ, ಆದರೆ ಅಪ್ಪನ ರುಮಾಲು ಸುತ್ತಿಕೊಂಡು. ಹಿರಿಯರನ್ನು ಕಟ್ಟೆಗೆ ಕರೆದು ಪೈಪುಗಳ ಪರವಾಗಿ ಪಾಲು ಕೇಳಿದೆ. ‘ಹಿರ್ಯಾರ, ಇವು ಒಂದ ಒಲಿ ಮುಂದಿನ ನೆಗೆಣ್ಣಿಯರು. ಒಬ್ಬಾಕಿ ದನಿ ಏರಿಸಿದ್ರ ಇನ್ನೊಬ್ಬಾಕಿಗೆ ಕಸುವು ಬರ್ತದ. ಬ್ಯಾರಿ ಇಡ್ರಿ.’ ಮೊನ್ನೆಯಷ್ಟೇ ಇಬ್ಬರು ಸೊಸೆಯರನ್ನು ಬೇರೆ ಇಟ್ಟಿದ್ದ ವೆಂಕಣ್ಣ ಈ ಸಲ ನಗಲಿಲ್ಲ. ‘ಖರೇ ಅದಲೇ ದುರುಗ್ಯಾ, ನಮ್ಮನ್ಯಾಗೂ ಬ್ಯಾರಿ ಇಟ್ಟ ಮ್ಯಾಲೇ ಸದ್ದು ಇಳೀತು’ ಎಂದ. ಹಿರಿಯರು ಎಲೆ ಅಡಿಕೆ ಹಾಕಿಕೊಂಡು, ಪಾಲು ಆಯಿತು ಎಂದು ಎದ್ದರು.

ಬಾಯ್ಲರ್ ಆರಿಸಿದ ದಿನ ಫಿಟ್ಟರ್ ಬಂದು ಒಂದು ಪೈಪನ್ನು ಆಚೆ ಮೂಲೆಗೆ ಒಯ್ದ. ಸದ್ದು ಪೂರ್ತಿ ಹೋಗಿಲ್ಲ ಅಕ್ಕಾ, ಆದರೆ ಆ ಕಿವಿ ಕೊರೆಯುವ ಕಿರುಚು ಇಲ್ಲ. ಬರೀ ಭುಸ್ ಎನ್ನುತ್ತದೆ. ಎಮ್ಮೆ ಕಿವಿ ನಿಮಿರಿಸಿ ನೋಡಿತು, ಆಮೇಲೆ ಹಾಲು ಬಿಟ್ಟಿತು. ಅಜ್ಜಿ ಆ ಹಾಲನ್ನು ಕಾಸಿ ನಿನ್ನ ಫೋಟೋದ ಮುಂದೆ ಇಟ್ಟಳು. ‘ಯಜ್ಜೀ, ಆಕಿ ಇನ್ನಾ ಬದುಕ್ಯಾಳ’ ಎಂದು ನಾನೇ ಕುಡಿದೆ.

ಅಜ್ಜಿಯ ಆಶೀರ್ವಾದ, ಅಪ್ಪ ಅವ್ವನ ಪ್ರೀತಿ, ಎಮ್ಮೆಯ ಬಾಲದ ಒಂದು ಬೀಸು.

ನಿನ್ನ ತಮ್ಮ, ಪೈಪುಗಳ ವಕೀಲ,
ದುರುಗೇಶ

ಮರೆತಿದ್ದೆ: ದೇವದುರ್ಗದಲ್ಲಿ ವೆಂಕಣ್ಣನ ಭಾವನ ಮಿಲ್ಲಿಗೂ ಜೋಡಿ ಪೈಪು. ಅಲ್ಲಿ ದೂರ ಮಾಡಲು ಜಾಗವಿಲ್ಲ. ಪಕ್ಕದಲ್ಲೇ ಇಟ್ಟು ಬಾಯಿ ಮುಚ್ಚಿಸುವುದು ಹೇಗೆ ಎಂದು ಕೇಳಿದ್ದಾರೆ. ಅದು ನನ್ನ ರುಮಾಲಿಗೆ ಮೀರಿದ್ದು, ಅಕ್ಕ ಓದು ಮುಗಿಸಲಿ ಎಂದಿದ್ದೇನೆ. ಕಾಯುತ್ತಾರಂತೆ. ಇನ್ನು ಅಜ್ಜಿಯ ಮಾತು, ಅವಳು ಹೇಳಿದ ಹಾಗೆಯೇ: ‘ನಡುವ ಬಿಟ್ಟು ಬಂದ್ರ ಆ ಎಮ್ಮಿಗೆ ಯಾವ ಮಾರಿ ತೋರಸ್ತಾಳ, ಕೇಳು.’