ಎಡಗಡೆಯ ಮಡ್ಗಾರ್ಡ್

ಇಚಲಕರಂಜಿ
12 ಜನವರಿ 2025, ರವಿವಾರ

ಪ್ರೀತಿಯ ಹಾಲಸಿದ್ದಾ,

ನಾವಿಲ್ಲಿ ಆರಾಮ ಇದ್ದೇವೆ. ನೀನು, ಯಮುನಾ ವೈನಿ, ವಿಕಾಸ, ನಿನ್ನ ಕುರಿಗಳು ಎಲ್ಲರೂ ಆರಾಮ ಇರುವಿರೆಂದುಕೊಂಡಿದ್ದೇನೆ. ಈ ಕಾಗದವನ್ನು ಡಿಸೆಂಬರ್ ಮೊದಲ ವಾರವೇ ಬರೆಯಬೇಕಾಗಿತ್ತು. ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ನೀನು, “ಕುರಿ ರೋಡ್ ದಾಟಾಕತ್ತಾವು, ಆಮ್ಯಾಲೆ ಮಾತಾಡೂಣು” ಅಂದೆ. ಎರಡನೇ ಸಲ ನೀನು ಎತ್ತುವ ಮೊದಲೇ ನಾನೇ ಇಟ್ಟುಬಿಟ್ಟೆ. ಫೋನಿನಲ್ಲಿ ಅರ್ಧಕ್ಕೇ “ಇರ್ಲಿ ಬಿಡೋ” ಅಂದುಬಿಡುತ್ತೀ. ಕಾಗದದಲ್ಲಾದರೆ ನೀನು ಪೂರ್ತಿ ಕೇಳಬೇಕಾಗುತ್ತದೆ.

ಚೆನ್ನವ್ವನ ಮೊಣಕಾಲು ನೋವು ಹಾಗೇ ಇದೆ. ನಾನು ಅದೇ ಕಾರಖಾನೆಯಲ್ಲಿ ಅದೇ ಮೇಜಿನ ಮುಂದೆ ಕೂತು, ಮಗ್ಗದಿಂದ ಇಳಿದ ಬಟ್ಟೆಯಲ್ಲಿ ದೋಷ ಹುಡುಕುತ್ತಿದ್ದೇನೆ. ಕನ್ನಡಕ ಬದಲಾಗಿದೆ. ದೋಷ ಹುಡುಕುವ ಈ ಕಣ್ಣಿನ ವಿಷಯವನ್ನೇ ನಿನಗೆ ಬರೆಯಬೇಕಾಗಿದೆ.

ಗಡಹಿಂಗ್ಲಜದ ಭಾವುಸಾಹೇಬರ ಲ್ಯಾಂಡ್‌ಮಾಸ್ಟರ್ ಕಾರನ್ನು ಹೋದ ತಿಂಗಳು ಮತ್ತೆ ನೋಡಿದೆ. ಕಬ್ಬಿನ ಟ್ರ್ಯಾಕ್ಟರ್ ಒಂದು ಅದರ ಎಡಗಡೆಯ ಮುಂದಿನ ಮಡ್ಗಾರ್ಡಿಗೆ ಉಜ್ಜಿಕೊಂಡು ಹೋಗಿತ್ತು. ಯುವರಾಜ ಎಂಬ ಹೊಸ ಡೆಂಟರ್ ಬಣ್ಣ ಕೆರೆದು, ಒಳಗಿನಿಂದ ತಗಡಿನ ಪತ್ರಾ ನೋಡಿದ್ದಾನೆ. ತಕ್ಷಣ ಭಾವುಸಾಹೇಬರು ನನ್ನನ್ನು ಕರೆಸಿದರು.

ಯುವರಾಜ ನನ್ನ ಕೈ ಹಿಡಿದು ಮಡ್ಗಾರ್ಡಿನ ಒಳಮೈ ಮೇಲೆ ಇಟ್ಟ. “ಕಾಕಾ, ಇಲ್ಲಿ ಮುಟ್ಟಿ ನೋಡ್ರಿ. ಪೂರಾ ಸುತ್ತಿಗಿ ಏಟು. ಇದು ಕೈಲೆ ಮಾಡಿದ್ದು. ಬಲಗಡೀದರ ಒಳಗ ಕಂಪನಿ ಬಣ್ಣ ಇನ್ನೂ ಹಂಗ ಐತಿ.”

ಭಾವುಸಾಹೇಬರು ತಾವೂ ಎರಡರ ಒಳಗೂ ಕೈ ಹಾಕಿ ನೋಡಿದರು. ಆಮೇಲೆ, “ನಾಕ ವರ್ಷ ನಾ ಬಂದವರಿಗೆಲ್ಲಾ ಬಲಗಡೀದ ತೋರ್ಸಿ, ಇದು ಹಾಲಸಿದ್ದನ ಕೈ ಕೆಲಸ, ನೋಡ್ರಿ ಹೆಂಗ ತೆರಿ ಎದ್ದೈತಿ ಅಂತ ನಕ್ಕೇನಲ್ಲೋ ಕಾಡಪ್ಪಾ” ಎಂದರು.

“ನನ್ನ ಕಣ್ಣ ತಪ್ಪತ್ರಿ, ಸಾಹೇಬ್ರ” ಎಂದೆ.

“ಕಣ್ಣ ಎಲ್ಲಾರದೂ ತಪ್ಪತೈತಿ, ಬಿಡು. ಚಹಾ ತಗೋ.”

ಅಷ್ಟಕ್ಕೇ ಮುಗಿಯಿತು. ಚಹಾ ಕುಡಿದು ಬಸ್ಸು ಹತ್ತಿದೆ. ಅವರು ಅಷ್ಟು ಸಲೀಸಾಗಿ ಬಿಟ್ಟದ್ದೇ ನನಗೆ ಒಂದು ತಿಂಗಳಿಂದ ಚುಚ್ಚುತ್ತಿದೆ.

ಮುಂದಿನದು ನಿನಗೆ ಗೊತ್ತಿರುವುದೇ. ಆದರೂ ನನ್ನ ಕಡೆಯಿಂದ ಅದು ಹೇಗಿತ್ತೆಂದು ಬರೆಯುತ್ತೇನೆ. ನಮ್ಮೂರು ಅಕಿವಾಟದಿಂದ ನಾವಿಬ್ಬರೂ ಒಂದೇ ವರ್ಷ ಹೊರಬಿದ್ದೆವು, ನೀನು ಕೊಲ್ಹಾಪುರದ ಉದ್ಯಮನಗರಕ್ಕೆ ಪತ್ರಾ ಕೆಲಸ ಕಲಿಯಲು, ನಾನು ಇಲ್ಲಿಯ ಮಗ್ಗಕ್ಕೆ. ರಜೆಯ ದಿನ ನಾನು ಹತ್ತಿಯ ಚಿಂದಿಯ ಗಂಟು ಹೊತ್ತು ನಿನ್ನ ಶೆಡ್ಡಿಗೆ ಬರುತ್ತಿದ್ದೆ. ಎದುರಿನ ಚಹಾದಂಗಡಿಯಲ್ಲಿ ಕೂತು, ಹೋಗುವ ಗಾಡಿಯನ್ನು ಹಿಂದಿನಿಂದ ಮಾತ್ರ ನೋಡಿ ಹೆಸರು ಹೇಳುವ ಆಟ ಆಡುತ್ತಿದ್ದೆವು. ಡಿಕ್ಕಿ ದುಂಡಗೆ ಇಳಿದಿದ್ದರೆ ಲ್ಯಾಂಡ್‌ಮಾಸ್ಟರ್. ಅದೇ ಮೈಗೆ ಹಿಂದೆ ಸಣ್ಣ ರೆಕ್ಕೆ ಮೂಡಿದ್ದರೆ ಅಂಬಾಸಡರ್. ಹಂದಿಯ ಬೆನ್ನಿನ ಹಾಗೆ ಉಬ್ಬಿದ್ದರೆ ಮಂದಿ ಡುಕ್ಕರ್ ಅನ್ನುವ ಹಳೆಯ ಫಿಯಾಟ್. ಅದರ ಮುಂದಿನ ಬಾಗಿಲು ಉಳಿದವುಗಳಿಗೆ ತಿರುವುಮುರುವಾಗಿ ತೆರೆಯುತ್ತಿತ್ತು. ನಾನು ಹೆಚ್ಚು ಸಲ ಗೆಲ್ಲುತ್ತಿದ್ದೆ. ನೀನು ಅನ್ನುತ್ತಿದ್ದೆ, “ಲೇ, ಅರಿವಿ ನೋಡೂ ಕಣ್ಣೀಲೆ ಗಾಡಿ ನೋಡಬ್ಯಾಡ. ಅರಿವಿ ಮಲಗಿರತೈತಿ, ಗಾಡಿ ನಿಂತಿರತೈತಿ.” ನಾನು ಅದನ್ನು ಸೋತವನ ಮಾತೆಂದು ನಗುತ್ತಿದ್ದೆ.

ಆ ಲ್ಯಾಂಡ್‌ಮಾಸ್ಟರ್ 2019ರ ಪಂಚಗಂಗೆಯ ನೆರೆಯಲ್ಲಿ, ಕೊಲ್ಹಾಪುರದಲ್ಲಿದ್ದ ಭಾವುಸಾಹೇಬರ ಅಣ್ಣನ ಮನೆಯಂಗಳದಲ್ಲಿ ಮುಳುಗಿತ್ತು. ನಿನ್ನ ಶೆಡ್ಡಿಗೆ ಬಂದಾಗ ಬಿಡಿಬಿಡಿಯಾಗಿತ್ತು. ಯಾವ ಮಡ್ಗಾರ್ಡ್ ಕೊಳೆತಿದೆ, ಯಾವುದು ಉಳಿದಿದೆ ಎಂದು ಭಾವುಸಾಹೇಬರು ನೋಡಲೂ ಇಲ್ಲ. ಎಂಟು ತಿಂಗಳು ನೀನು ದುಡಿದೆ. ಗಾಡಿ ಒಪ್ಪಿಸುವ ದಿನ ಅವರ ನಾಲ್ಕು ಮಂದಿ ಗೆಳೆಯರೂ ಬಂದಿದ್ದರು, ಎಲ್ಲರೂ ಹಳೇ ಗಾಡಿ ಇಟ್ಟುಕೊಂಡವರೇ. ನೀನು ಖುಷಿಯಲ್ಲಿದ್ದೆ.

“ಮುಂದಿನ ಎರಡರಾಗ ಒಂದು ಮಡ್ಗಾರ್ಡ್ ನಾ ಮಾಡಿದ್ದು. ಯಾವುದು ಅಂತ ನಮ್ಮ ಕಾಡಪ್ಪ ಹೇಳ್ತಾನ್ರಿ. ಒಳಗ ಕೈ ಹಾಕಬ್ಯಾಡ ಮತ್ತ, ಮ್ಯಾಲಿಂದ ನೋಡೇ ಹೇಳು.”

ಚಿಂದಿಯನ್ನು ಅಂಗೈಗೆ ಸುತ್ತಿ, ಬಟ್ಟೆಯ ಮೇಲೆ ಆಡಿಸುವಂತೆ ಎರಡರ ಮೇಲೂ ಆಡಿಸಿದೆ. ಎಡಗಡೆಯದು ಹೆಡ್‌ಲೈಟಿನಿಂದ ಬಾಗಿಲವರೆಗೆ ಒಂದೇ ಉಸಿರಿನಲ್ಲಿ ಇಳಿದಿತ್ತು. ಬಲಗಡೆಯದರಲ್ಲಿ ಎರಡು ಕಡೆ ತೆರೆ. “ಬಲಗಡೀದ್ರಿ” ಎಂದೆ. ಅಲ್ಲಿಗೇ ನಿಲ್ಲಿಸಬಹುದಾಗಿತ್ತು. “ಈ ಗೆರಿ ನೋಡ್ರಿ, ಬಾಗಲಾ ಮುಟ್ಟೂದರಾಗ ಎರಡು ನೂಲು ಕೆಳಗ ಬಿದ್ದೈತಿ. ಕೈ ಕೆಲಸ ಮುಚ್ಚಾಕ ಆಗಂಗಿಲ್ಲರಿ” ಎಂದೂ ಸೇರಿಸಿದೆ.

ನನ್ನ ಮೇಜಿನ ಮುಂದೆ ಯಂತ್ರ ನೇಯ್ದದ್ದು ಸಮನಾಗಿರುತ್ತದೆ, ಕೈ ತಪ್ಪಿದಲ್ಲಿ ದೋಷ ಇರುತ್ತದೆ. ಅರವತ್ತೈದು ವರ್ಷ ರಸ್ತೆಯಲ್ಲಿ ಬದುಕಿದ ಪತ್ರಾ ತಾನಾಗಿ ತೆರೆ ಏಳುತ್ತದೆಂದೂ, ಅದಕ್ಕಿಂತ ನಯವಾದ ಗೆರೆಯನ್ನು ಒಬ್ಬ ಮನುಷ್ಯ ಸುತ್ತಿಗೆಯಿಂದ ಎಳೆಯಬಲ್ಲನೆಂದೂ ನನಗೆ ಹೊಳೆಯಲಿಲ್ಲ. ಆ ಮನುಷ್ಯ ನೀನೆಂದು ಗೊತ್ತಿದ್ದೂ ಹೊಳೆಯಲಿಲ್ಲ.

ಗೆಳೆಯರು ನಕ್ಕರು. ಭಾವುಸಾಹೇಬರು, “ಇಷ್ಟಕ್ಕ ಎಂಟ ತಿಂಗಳ ಬೇಕಿತ್ತೇನಪಾ? ಇಂಥಾದ್ದ ನಮ್ಮ ಗಡಹಿಂಗ್ಲಜದಾಗೂ ಮಾಡತಾರ” ಎಂದರು. ನೀನು “ಹೌದ್ರಿ, ಸಾಹೇಬ್ರ” ಎಂದೆ. “ನಾ ಮಾಡಿದ್ದು ಎಡಗಡೀದು” ಎಂಬ ಒಂದು ಮಾತು ಸಾಕಾಗಿತ್ತು. ಅಷ್ಟು ಮಂದಿಯ ಮುಂದೆ ನನ್ನ ಮಾತು ಬೀಳಬಾರದೆಂದು ನೀನು ಅದನ್ನು ಆಡಲಿಲ್ಲ.

ಆ ಗೆಳೆಯರಿಂದ ಬರಬೇಕಾಗಿದ್ದ ಡುಕ್ಕರ್ ಫಿಯಾಟೂ ಪ್ಲಿಮತ್ತೂ ನಿನ್ನ ಶೆಡ್ಡಿಗೆ ಬರಲಿಲ್ಲ. ಹಾಲಸಿದ್ದನ ಕೈ ಗೆರೆ ಹಿಡಿಯುವುದಿಲ್ಲ ಎಂಬ ಮಾತು ಹಳೇ ಗಾಡಿಯವರಲ್ಲಿ ಹಬ್ಬಿತು. ಎರಡು ಮಳೆಗಾಲ ಕಳೆದ ಮೇಲೆ ನೀನು ಸುತ್ತಿಗೆಗಳನ್ನು ಗೋಣಿಚೀಲದಲ್ಲಿ ಕಟ್ಟಿ ಊರಿಗೆ ಹೋದೆ. ಆ ಚೀಲವನ್ನು ಟೆಂಪೋಗೆ ಏರಿಸಲು ಕೈ ಹಚ್ಚಿದವನು ನಾನೇ. “ಕುರಿಗೆ ತೆರಿ ಇದ್ರೂ ಯಾರೂ ಏನೂ ಅನ್ನಂಗಿಲ್ಲ” ಎಂದು ನೀನು ನಗಾಡಿದೆ. ವೈನಿ ನಗಲಿಲ್ಲ.

ಈಗ ಕೇಳು. ಫೆಬ್ರುವರಿ ಎರಡಕ್ಕೆ, ರವಿವಾರ, ಕೊಲ್ಹಾಪುರದಲ್ಲಿ ಹಳೇ ಗಾಡಿಗಳ ಪ್ರದರ್ಶನವಿದೆ. ಆ ಎಡಗಡೆಯ ಮಡ್ಗಾರ್ಡನ್ನು ಬಣ್ಣ ಬಳಿಯದೆ ಹಾಗೇ ತೋರಿಸಬೇಕು, ಮಾಡಿದವನು ಅದರ ಪಕ್ಕ ನಿಲ್ಲಬೇಕು ಎಂಬುದು ಭಾವುಸಾಹೇಬರ ಇಚ್ಛೆ. ಅವರ ಗೆಳೆಯರ ಆ ಪ್ಲಿಮತ್ ದುರಸ್ತಿಗೆಂದು ಇನ್ನೂ ಯಾರ ಕೈಗೂ ಹೋಗಿಲ್ಲ. ಯುವರಾಜ, “ಅವರು ಎಲ್ಲಿ ಅದಾರ್ರಿ ಕಾಕಾ? ಬಂದರ ನಾ ಅವರ ಕೈ ಕೆಳಗ ಕಲೀತೀನ್ರಿ” ಎಂದು ಎರಡೆರಡು ಸಲ ಕೇಳಿದ. ನೀನು ಬರಬೇಕು. ಬರುವುದಾದರೆ ನಾನು ಮುಂಜಾನೆ ಅಕಿವಾಟಕ್ಕೇ ಬರುತ್ತೇನೆ, ಕೂಡಿ ಹೋಗೋಣ. ನನ್ನ ಜೊತೆ ಬೇಡವೆನಿಸಿದರೆ ಅದನ್ನೂ ಹೇಳು.

ಯಮುನಾ ವೈನಿಗೆ ನಮ್ಮಿಬ್ಬರ, ನನ್ನದೂ ಚೆನ್ನವ್ವನದೂ, ನಮಸ್ಕಾರ. ವಿಕಾಸನಿಗೆ ಆಶೀರ್ವಾದ, ನಿನ್ನ ಕೈ ಅವನಿಗೆ ಬರಲಿ. ಸಂಕ್ರಾಂತಿಯ ಎಳ್ಳು ಬೆಲ್ಲ ಈ ಲಕೋಟೆಯಲ್ಲಿ ಹಿಡಿಯುವುದಿಲ್ಲ, ಬಂದಾಗ ಕೊಡುತ್ತೇನೆ.

ನಿನ್ನ
ಕಾಡಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಕಣ್ಣು ತಪ್ಪಿತೆಂದು ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಅದು ಐದು ನಿಮಿಷದ ಮಟ್ಟಿಗೆ ಮಾತ್ರ ನಿಜ. ಅವತ್ತು ಭಾವುಸಾಹೇಬರು ನಿನಗೆ ಅನ್ನುತ್ತಿದ್ದಾಗ ನಾನು ಎಡಗಡೆಯ ಮಡ್ಗಾರ್ಡಿಗೆ ಕೈಯೂರಿ ನಿಂತಿದ್ದೆ. ಬೆರಳುಗಳು ಅಂಚಿನ ಒಳಗೆ ಹೋದವು. ಸುತ್ತಿಗೆಯ ಏಟು ಒಂದೊಂದೂ ಬೆರಳಿಗೆ ಸಿಕ್ಕಿತು. ಅಂದರೆ ಯುವರಾಜ ತೋರಿಸುವ ನಾಲ್ಕು ವರ್ಷ ಮೊದಲೇ ನನಗೆ ಗೊತ್ತಿತ್ತು. ಎಲ್ಲರೂ ಇನ್ನೂ ಅಲ್ಲೇ ಇದ್ದರು, ಬಾಯಿ ಬಿಡಬಹುದಾಗಿತ್ತು. ನನ್ನ ಕಣ್ಣನ್ನು ಹೊಗಳುತ್ತಿದ್ದರು, ಸುಮ್ಮನಿದ್ದೆ. ನೀನು ಬಂದರೂ ಬರದಿದ್ದರೂ ಎರಡನೇ ತಾರೀಖು ಇದನ್ನು ಅವರೆಲ್ಲರ ಮುಂದೆ ಹೇಳುತ್ತೇನೆ.

ನಿನಗೆ ಇದು ಹೊಸ ಸುದ್ದಿಯಲ್ಲವೆಂದೂ ಬಲ್ಲೆ. ಒಳಮೈಗೆ ನೀನು ಬೆಳಿಗ್ಗೆ ಹಚ್ಚಿದ ಕೆಂಪು ಪ್ರೈಮರ್ ಇನ್ನೂ ಒಣಗಿರಲಿಲ್ಲ. ಕೈ ಹೊರಗೆ ತೆಗೆದಾಗ ನಾಲ್ಕು ಬೆರಳೂ ಕೆಂಪಾಗಿದ್ದವು. ನೀನು ಅದನ್ನು ನೋಡಿದೆ, ನನ್ನ ಮುಖ ನೋಡಿದೆ, ಹೆಗಲ ಮೇಲಿದ್ದ ಚಿಂದಿ ತೆಗೆದು ಕೊಟ್ಟೆ. “ಕೈ ಒರಸ್ಕೊ, ಕಾಡಪ್ಪಾ” ಅಂದೆ. ನಾನು ಒರಸಿಕೊಂಡೆ.