ಮೀಸೆಯ ಮೇಲಿನ ವಿಭೂತಿ

ಅಪ್ಪಾ,

ನೀನು ಓದಲಾರೆ, ಆದರೂ ನಾನು ಹೇಳದೆ ಇರಲಾರೆ.

ನೀನು ಹೋದ ಮೇಲೆ ಸೋಮವಾರ ಸೋಮವಾರ ಅವ್ವ ನಿನ್ನ ಫೋಟೊದ ಹಣೆಗೆ ಹಚ್ಚುವ ವಿಭೂತಿ ಉದುರಿ, ಗಾಜೆಲ್ಲ ಮಬ್ಬಾಗಿತ್ತು. ನೀರು ಒಳಗಿಳಿಯದಿರಲೆಂದು ಬಟ್ಟೆಯನ್ನು ಚೆನ್ನಾಗಿ ಹಿಂಡಿ ಇವತ್ತು ಒರೆಸಿದೆ.

“ಮೀಸೆ ಮ್ಯಾಲೆ ಇನ್ನೂ ಐತೆ, ಉಜ್ಜೇ!” ಅಂದಳು ಅವ್ವ.

ಎಷ್ಟು ಉಜ್ಜಿದರೂ ಹೋಗಲಿಲ್ಲ. ಕೊನೆಗೆ ಫ್ರೇಮು ಬಿಚ್ಚಿ ಗಾಜು ತೆಗೆದೆ. ಆ ಬಿಳಿ ಚುಕ್ಕೆ ಫೋಟೊದಲ್ಲೇ ಇತ್ತು. ನನ್ನ ಮದುವೆ ಊಟದ ಹೊತ್ತಲ್ಲಿ ತೆಗೆದ ಫೋಟೊ ಅದು; ನಿನ್ನ ಮೀಸೆಗಂಟಿದ್ದ ಅನ್ನದಗುಳು!

ಅವ್ವ ಬಿದ್ದು ಬಿದ್ದು ನಕ್ಕಳು. “ನಿಮ್ಮಪ್ಪ ಇದ್ದಾಗ್ಲೂ ಹಿಂಗೇ ಕಣೇ. ಮೀಸೆಗೆ ಮೆತ್ಕಂಡೇ ಏಳೋರು.”

ಗಾಜು ಪೂರ್ತಿ ಒಣಗಿತು. “ಮುಚ್ಚಲಾ?” ಎಂದೆ.

“ಒಸಿ ತಡಿ” ಎಂದವಳೇ ಅವ್ವ ಬಗ್ಗಿ, ಸೆರಗಿನ ತುದಿಯಿಂದ ನಿನ್ನ ಮೀಸೆಯನ್ನು ಮೆಲ್ಲಗೆ ಒರೆಸಿದಳು.

ನಿನ್ನ ಸಂಗೀತಾ