ಮೇಷ್ಟ್ರ ಮುಖಕ್ಕೆ ಒತ್ತಿದ ಐದು

ಜೂನ್ 3, ಬೆಳಿಗ್ಗೆ

ಇವತ್ತು ಹದಿನೆಂಟು ಮುಖ. ವಯಸ್ಸಾದ ಮೇಷ್ಟ್ರು, ಟೀಚರಮ್ಮಂದಿರು ಕಂಪ್ಯೂಟರ್ ಕಲಿಯುವ ವಿಡಿಯೋ. ಮಾತು ಕೇಳಿಸುವುದಿಲ್ಲ. ಮುಖ ನೋಡಿ ನಂಬರ್ ಒತ್ತಬೇಕು. ಒಂದು ಖುಷಿ, ಎರಡು ಗೊಂದಲ, ಮೂರು ಭಯ, ನಾಲ್ಕು ಸಿಟ್ಟು, ಐದು ಉದಾಸೀನ. ಮೊಮ್ಮಗಳ ತರಬೇತಿ ಕೇಂದ್ರದ ಕೆಲಸ. "ಮುಖ ನೋಡಿದ್ರೆ ಹೊಟ್ಟೇಲಿರೋದು ಹೇಳ್ತೀಯಲ್ಲ ಅಜ್ಜಿ, ನೀನೇ ನೋಡು" ಎಂದಳು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ಮೇಷ್ಟ್ರುಗಳಿಗೆ ಮಾರ್ಕು ಹಾಕುತ್ತಿದ್ದೇನೆ! ಒಬ್ಬಾಕೆ ಮೌಸ್ ಹಿಡಿದದ್ದು ಸತ್ತ ಹಲ್ಲಿ ಎತ್ತುವ ಹಾಗೆ. ಎರಡು ಒತ್ತಿದೆ.

ಜೂನ್ 4

ಪರದೆಯ ಮೇಲೆ ಗಣಿತದ ಮೇಷ್ಟ್ರು. ಕಿರಿಮಗನಿಗೆ ಕಲಿಸಿದವರು. ಆಗ ಶಾಲೆಗೆ ಕರೆಸಿ, ಅಷ್ಟೂ ತಾಯಂದಿರ ಮುಂದೆ, "ನೀವೇ ಹೆಬ್ಬೆಟ್ಟು, ಮಗ ಇನ್ನೇನಾಗ್ತಾನೆ?" ಎಂದಿದ್ದರು. ಸಹಿ ಬರುತ್ತಿತ್ತು ನನಗೆ. ಹೇಳಲು ಬಾಯಿ ಬರಲಿಲ್ಲ.

ಈಗ ತಲೆಯಲ್ಲಿ ಕೂದಲಿಲ್ಲ. ತುಟಿ ಒಣಗಿದೆ, ಗಂಟಲು ಏರಿ ಇಳಿಯುತ್ತಿದೆ. ಭಯ. ಎಮ್ಮೆಗೂ ಗೊತ್ತಾಗುವಂಥ ಭಯ.

ಐದು ಒತ್ತಿದೆ.

ಹಾಯೆನಿಸಿತು. ಎರಡು ತುತ್ತು ಹೆಚ್ಚೇ ಉಂಡೆ.

ಜೂನ್ 12

ಪಟ್ಟಿ ಹೊರಬಿತ್ತಂತೆ. ಭಯ, ಗೊಂದಲ ಇದ್ದವರ ಪಕ್ಕ ಒಬ್ಬರು ಕೂತು ಕಲಿಸುತ್ತಾರೆ. ಉದಾಸೀನದವರು ಹೊರಗೆ. ಅವರಿಗೆ ಈ ವರ್ಷ ಪಾಠವಿಲ್ಲ, ಆಫೀಸಿನಲ್ಲಿ ಕಡತ ಜೋಡಿಸುವುದು.

"ಮೊದಲೇ ಬೊಗಳಬಾರದಿತ್ತೇನೇ?"

"ಹೇಳಿದ್ರೆ ಅಯ್ಯೋ ಪಾಪ ಅಂತ ತಪ್ಪು ಒತ್ತೀಯ ಅಂತ. ಆ ಗಣಿತದವರ ಮುಖದಲ್ಲಿ ನಂಗೆ ಭಯ ಕಂಡಿತ್ತಜ್ಜಿ. ನಿನ್ನ ಕಣ್ಣು ನಂಬಿ ನಾನೂ ಐದೇ ಹಾಕಿದೆ."

ಕಲಸಿದ ಅನ್ನ ತಟ್ಟೆಯಲ್ಲೇ ಬಿಟ್ಟು ಎದ್ದೆ. ಹಲ್ಲು ಉದುರಿದರೂ ವಿಷ ಉದುರಲಿಲ್ಲ ನನಗೆ.

ಜೂನ್ 13

ಹೇಳಬೇಕು ಎಂದುಕೊಂಡೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ.

ಜೂನ್ 15, ಸಂಜೆ

ಹೇಳಿದೆ. ಮೊಮ್ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳೆ ಕೇಂದ್ರಕ್ಕೆ ಬಾ. ನೀನೇ ಹೇಳು" ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

ಜೂನ್ 16

ಹೋದೆ. ಕೋಣೆಯ ಹೊರಗೆ ಬೆಂಚಿನ ಮೇಲೆ ಮೇಷ್ಟ್ರು. ಒಳಗೆ ಬಿಡುವುದಿಲ್ಲ, ಆದರೂ ಕಡತದ ಕೆಲಸ ಮುಗಿಸಿ ದಿನಾ ಬರುತ್ತಾರಂತೆ. ರಟ್ಟಿನ ಮೇಲೆ ಕೀಬೋರ್ಡು ಬರೆದುಕೊಂಡು ಒಂದೊಂದೇ ಬೆರಳಲ್ಲಿ ಒತ್ತುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಸರಿದು ಜಾಗ ಮಾಡಿದರು.

"ಬನ್ನಿ ಅಮ್ಮ. ನಿಮ್ಮನ್ನೂ ಹೊರಗೆ ಹಾಕಿದ್ರಾ? ನಾಚ್ಕೋಬೇಡಿ. ನಂಗೆ ಬಂದಷ್ಟು ಹೇಳ್ಕೊಡ್ತೀನಿ."

ರಟ್ಟನ್ನು ನನ್ನ ಮಡಿಲಿಗೇ ಇಟ್ಟರು.

"ಮೇಷ್ಟ್ರೇ, ನಿಮ್ಮನ್ನ ಹೊರಗೆ ಹಾಕಿಸಿದ್ದು ನಾನು. ಹೆಬ್ಬೆಟ್ಟು ಅಂದಿದ್ರಲ್ಲ, ಆ ತಾಯಿ."

ಕನ್ನಡಕ ಏರಿಸಿ ನೋಡಿದರು. ಗುರುತು ಹತ್ತಿತು. ತಲೆ ತಗ್ಗಿಸಬೇಕಾದವಳು ನಾನು. ನನಗಿಂತ ಮೊದಲು ಅವರು ತಗ್ಗಿಸಿದರು.